ಮೂರು ಪತ್ರಿಕೆ, ಒಬ್ಬ ಸಾಹುಕಾರ

ನಾನು ಹುಟ್ಟು ಅಂಜುಬುರುಕ. ಹಾವು, ಚೇಳು, ಶಾಲಾ ಇನ್‌ಸ್ಪೆಕ್ಟರು, ಯಾರನ್ನು ಕಂಡರೂ ಬಾಯಿ ಒಣಗುತ್ತದೆ. ಆದರೆ ಅಚ್ಚಾದ ಕಾಗದಕ್ಕೆ ಹೆದರುವುದನ್ನು ಕಲಿತದ್ದು ಹಾನಗಲ್ಲಿನಲ್ಲಿ ಮಾಸ್ತರನಾಗಿದ್ದಾಗ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ.

ಆಗ ನಮ್ಮೂರಿಗೆ ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ಮೂರು ವಾರಪತ್ರಿಕೆಗಳು ಬರುತ್ತಿದ್ದವು. ಸಂಜೆ ಶಿವಪ್ಪನ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾನು ಗಟ್ಟಿಯಾಗಿ ಓದಬೇಕು, ಊರವರು ಕೇಳಬೇಕು. ಒಂದು ಪತ್ರಿಕೆ ಹೊಗಳಿದವರನ್ನು ಇನ್ನೊಂದು ತೆಗಳುತ್ತಿತ್ತು. ಮೂರನೆಯದು ಆ ಎರಡನ್ನೂ ಬೈಯುತ್ತಿತ್ತು. ಕೇಳುಗರು ತಮಗೆ ಬೇಕಾದ ಪಕ್ಷ ಹಿಡಿದು ಜಗಳವಾಡಿ, ತೃಪ್ತರಾಗಿ ಊಟಕ್ಕೆ ಹೋಗುತ್ತಿದ್ದರು. ಹೀಗಿರುವಾಗ ಅರಳೆ ವ್ಯಾಪಾರದ ಸಾಹುಕಾರರೊಬ್ಬರು ಮೂರೂ ಪತ್ರಿಕೆಗಳನ್ನು ಒಂದರ ಹಿಂದೆ ಒಂದರಂತೆ ಕೊಂಡುಬಿಟ್ಟರು. ಪತ್ರಿಕೆಗಳ ಹೆಸರು ಬದಲಾಗಲಿಲ್ಲವಾದ್ದರಿಂದ ಕಟ್ಟೆಯ ಮೇಲೆ ಯಾರಿಗೂ ಇದು ದೊಡ್ಡ ಸಂಗತಿ ಅನ್ನಿಸಲಿಲ್ಲ. ಜಗಳ ಕಡಿಮೆಯಾಯಿತು, ಊಟಕ್ಕೆ ಬೇಗ ಹೋಗತೊಡಗಿದೆವು, ಅಷ್ಟೇ.

ಆಮೇಲೆ ಜಿಲ್ಲಾ ಬೋರ್ಡಿನ ಚುನಾವಣೆ ಬಂತು. ಸಾಹುಕಾರರ ಅಳಿಯ ನಿಂತರು. ಎದುರಿಗೆ ನಿಂತವರು ಹಿರೇಬೆಂಡಿಗೇರಿಯ ನಿಂಗನಗೌಡರು, ನನ್ನ ಹೆಂಡತಿ ಗಂಗವ್ವನ ಸೋದರಮಾವ. ಒಂದು ಸಂಜೆ ಓದುತ್ತೇನೆ: ಗೌಡರು ಎದೆನೋವಿನಿಂದ ಹಾಸಿಗೆ ಹಿಡಿದಿದ್ದಾರೆ, ಚುನಾವಣೆಯಿಂದ ಹಿಂದೆ ಸರಿದಿದ್ದಾರೆ. ಎರಡನೆಯ ಪತ್ರಿಕೆಯಲ್ಲೂ ಅದೇ ಮಾತು. ಮೂರನೆಯದರಲ್ಲಿ ಅಲ್ಪವಿರಾಮ ಕೂಡ ಅದೇ ಜಾಗದಲ್ಲಿತ್ತು.

ಮನೆಗೆ ಬಂದು ಹೇಳಿದಾಗ ಗಂಗವ್ವ ಅತ್ತಳು. ಮರುದಿನವೇ ಮೋಟಾರು ಹಿಡಿದು, ಉಳಿದ ದಾರಿ ಚಕ್ಕಡಿಯಲ್ಲಿ ಕುಳಿತು ಹಿರೇಬೆಂಡಿಗೇರಿಗೆ ಹೋದೆವು. ಗೌಡರು ಪಡಸಾಲೆಯಲ್ಲಿ ಖಡಕ್ ರೊಟ್ಟಿ ಮುರಿಯುತ್ತಿದ್ದರು.

“ಮಾವ, ನಿನ್ನ ಎದಿ ಹ್ಯಾಂಗೈತಿ?” ಎಂದಳು ಗಂಗವ್ವ.

“ನನ್ನ ಎದಿಗೇನಾಗೈತಿ ತಂಗಿ? ಕುಂದ್ರು, ರೊಟ್ಟಿ ತಿನ್ನು.”

ನಾನು ಪತ್ರಿಕೆಗಳನ್ನು ಮುಂದಿಟ್ಟೆ. ಗೌಡರು ಮೂರನ್ನೂ ಓದಿ ಮಡಚಿಟ್ಟರು. ಕಡೆಗೆ, “ನಾಳೆ ಹಾನಗಲ್ಲಿಗೆ ಬರ್ತೇನಿ ಮಾಸ್ತರ. ಅದ ಕಟ್ಟಿ ಮ್ಯಾಲೆ ನನ್ನ ಮಗ್ಗಲಾಗ ಕುಂತು ಇದನ್ನ ಓದ್ರಿ. ಮಂದಿ ನನ್ನ ಮಾರಿ ನೋಡ್ಲಿ” ಎಂದರು.

ನನ್ನ ನೌಕರಿ ಸ್ಕೂಲ್ ಬೋರ್ಡಿನದು. ಬೋರ್ಡಿನ ಅಧ್ಯಕ್ಷರು ಸಾಹುಕಾರರ ಇಸ್ಪೀಟಿನ ಗೆಳೆಯರು. ಆದರೆ ಗಂಗವ್ವ ನನ್ನನ್ನೇ ನೋಡುತ್ತಿದ್ದಳು. ಬೋರ್ಡು ಇದ್ದದ್ದು ಧಾರವಾಡದಲ್ಲಿ, ಗಂಗವ್ವ ಇದ್ದದ್ದು ಮನೆಯಲ್ಲಿ. ಹೂಂ ಎಂದೆ.

ಮರುದಿನ ಕಟ್ಟೆಯ ಮೇಲೆ ಗೌಡರ ಪಕ್ಕದಲ್ಲಿ ಕುಳಿತು ಓದಿದೆ. ಜನ ಒಮ್ಮೆ ಪತ್ರಿಕೆಯನ್ನು, ಒಮ್ಮೆ ಗೌಡರನ್ನು ನೋಡಿದರು. ಕಟ್ಟೆಗೆ ತಪ್ಪದೆ ಬರುವ ಮುದುಕ ಫಕೀರಪ್ಪ ಮೆಲ್ಲಗೆ, “ಮಾರಿ ಸ್ವಲ್ಪ ಬಾಡೇತಿ ನೋಡ್ರಿ, ಗೌಡ್ರ” ಎಂದ.

“ನಾ ಗಟ್ಟಿಮುಟ್ಟ ಅದೇನಿ.”

“ನಿಮಗ ತಿಳಿದಿರಾಕಿಲ್ರಿ. ಎದಿ ಬ್ಯಾನಿ ಒಳಗಿಂದೊಳಗ ಇರ್ತೈತಿ. ಒಂದ ಪತ್ರಿಕೆ ಆದ್ರ ಸುಳ್ಳಂತಿದ್ದೆ. ಮೂರೂ ಸುಳ್ಳು ಹೇಳ್ತಾವೇನ್ರಿ?”

“ಮೂರಕ್ಕೂ ಮಾಲಕರು ಒಬ್ರ ಅದಾರ, ಫಕೀರಪ್ಪ” ಎಂದೆ ನಾನು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ. ಅವನಿಗೆ ಕೇಳಿಸಿತು.

“ಹಂಗಾದ್ರ ಚಲೋನ ಆತು. ಮೂರು ಸಲ ವಿಚಾರ ಮಾಡಿ ಬರದಾರ.”

ಗೌಡರ ಬಲಗೈ ನಿಧಾನವಾಗಿ ಮೇಲೆದ್ದು ಎದೆಯ ಮೇಲೆ ಬಂದು ನಿಂತಿತು. ಹಿಂದಿನ ದಿನ ನಗುತ್ತ ರೊಟ್ಟಿ ಮುರಿದಿದ್ದ ಮನುಷ್ಯ ಈಗ ತನ್ನ ಎದೆಬಡಿತಕ್ಕೆ ಕಿವಿಗೊಟ್ಟು ಕುಳಿತಿದ್ದ. ಅದನ್ನು ನೋಡಿ ನನಗೆ ನಿಜವಾದ ಭಯ ಹುಟ್ಟಿತು.

ಗೌಡರು ಸೋತರು. ಸುತ್ತಲಿನ ಹಳ್ಳಿಯವರು, ಪಾಪ, ರೋಗಿಗೆ ಯಾಕೆ ಓಡಾಟದ ತೊಂದರೆ ಎಂದು ಮಮತೆಯಿಂದಲೇ ಮತ ಕೊಡಲಿಲ್ಲವಂತೆ. ಗೌಡರು ಆಮೇಲೆ ಬಹಳ ವರ್ಷ ಬದುಕಿದರು, ಆದರೆ ಗಂಜಿ ಕುಡಿದುಕೊಂಡು.

ಅದಾದ ಸ್ವಲ್ಪ ದಿನಕ್ಕೆ ಕಟ್ಟೆಯ ಮೇಲೆ ಓದುತ್ತಿದ್ದೆ: ಹಾನಗಲ್ಲಿನ ಮಾಸ್ತರರೊಬ್ಬರು ಸ್ವಂತ ಇಚ್ಛೆಯಿಂದ ಹಿರೇಕೆರೂರ ತಾಲೂಕಿನ ಹಂಸಭಾವಿಗೆ ವರ್ಗ ಕೇಳಿಕೊಂಡಿದ್ದಾರೆ. ಅರ್ಧ ಓದಿದ ಮೇಲೆ ಹೆಸರು ಬಂತು. ನನ್ನದೇ. ಮೂರರಲ್ಲೂ.

“ನನಗ ಒಂದ ಮಾತು ಹೇಳಲಿಲ್ಲ ನೋಡ್ರಿ” ಎಂದಳು ಗಂಗವ್ವ, ಮನೆಗೆ ಬಂದಾಗ.

“ನಾ ಎಲ್ಲೆ ಕೇಳೇನಿ?”

“ಮತ್ತ ಮೂರರಾಗೂ ಬಂದೈತಿ?”

ಮಾವನ ರೊಟ್ಟಿಯನ್ನು ಕಣ್ಣಾರೆ ಕಂಡವಳು ಹೀಗೆ ಕೇಳಿದ ಮೇಲೆ ನಾನು ವಾದಿಸಲಿಲ್ಲ. ವರ್ಗದ ಆದೇಶಕ್ಕೆ ಕಾಯುತ್ತ ಕುಳಿತೆ. ಟಪಾಲಿನವ ಬಂದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಆದೇಶ ಮಾತ್ರ ಬರಲೊಲ್ಲದು. ಆಗ ಇನ್ನೊಂದು ಭಯ ಹಿಡಿಯಿತು: ನಾನು ಇಲ್ಲೇ ಉಳಿದರೆ ಪತ್ರಿಕೆ ಸುಳ್ಳಾಗುತ್ತದೆ, ಸಾಹುಕಾರರ ಪತ್ರಿಕೆಯನ್ನು ಸುಳ್ಳು ಮಾಡಿದವನು ನಾನಾಗುತ್ತೇನೆ. ಒಂದು ಭಾನುವಾರ ಕುಳಿತು ದುಂಡಗಿನ ಅಕ್ಷರದಲ್ಲಿ ನಾನೇ ಅರ್ಜಿ ಬರೆದುಹಾಕಿದೆ. ಬೇಗನೆ ಮಂಜೂರಾಯಿತು.

ಹಂಸಭಾವಿಯಲ್ಲಿ ಯಾರಾದರೂ, ಹಾನಗಲ್ಲಿನಂಥ ಊರು ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದರೆ, ಸ್ವಂತ ಇಚ್ಛೆಯಿಂದ ಎನ್ನುತ್ತಿದ್ದೆ. ಕೆಲವು ವರ್ಷ ಹಾಗೆ ಹೇಳಿದ ಮೇಲೆ ನನಗೂ ಅದು ನಿಜವೆನ್ನಿಸತೊಡಗಿತು.