ದಾಸನ ಹಲ್ಲಿಗೆ ಹಸಿ ಎಲುಬು

ಉಪದೇಶ ಮಾಡಿದರೆ ಅದು ತಿರುಗಿ ನನ್ನ ತಲೆಯ ಮೇಲೇ ಬೀಳುವುದು ನನಗೇನೂ ಹೊಸತಲ್ಲ. ಕೋಟ, ಬ್ರಹ್ಮಾವರದ ಕಡೆ ದನದ ಡಾಕ್ಟರಾಗಿ ದುಡಿದ ಅಷ್ಟೂ ವರ್ಷ ಬಿದ್ದದ್ದೇ ಬಿದ್ದದ್ದು. ದನದ ವಿಷಯದಲ್ಲಿ ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ, ಹಾಗಾಗಿ ಬಿದ್ದರೂ ಪೆಟ್ಟಾಗುತ್ತಿರಲಿಲ್ಲ. ನಾಯಿಯ ವಿಷಯದಲ್ಲಿ ಒಬ್ಬರು ಕೇಳಿಬಿಟ್ಟರು.

೧. ಮೊಸರನ್ನದ ನಾಯಿ

ತೊಂಬತ್ತೇಳರಲ್ಲಿ, ನಾನು ಆ ಕಡೆಗೆ ಹೊಸದಾಗಿ ಬಂದಾಗ, ಕೋಟದ ಹತ್ತಿರದ ನಿವೃತ್ತ ಮಾಷ್ಟ್ರೊಬ್ಬರು ತಮ್ಮ ನಾಯಿ ದಾಸನನ್ನು ಎಳೆದುಕೊಂಡು ಬಂದರು. ಅವರದು ಬೆಳ್ಳುಳ್ಳಿಯನ್ನೂ ಹೊಸಿಲು ದಾಟಿಸದ ಮನೆ. ದಾಸನಿಗೂ ಮೂರು ಹೊತ್ತು ಮೊಸರನ್ನ. ಬಾಯಿ ತೆರೆಸಿದೆ. ಅಯ್ಯಬ್ಬಾ! ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತೆ.

"ನಮ್ಮನಿಯವ್ಳ್ ಖಡಾಖಂಡಿತ ಹೇಳಿಯಾಯ್ತ್ ಡಾಕ್ಟ್ರೆ. ದೀಪಾವಳಿ ಒಳ್ಗೆ ಈ ವಾಸ್ನಿ ಹೋಯ್ಕ್, ಇಲ್ದಿರೆ ನಾಯಿ ಹೋಯ್ಕ್ ಅಂತ" ಎಂದರು ಮಾಷ್ಟ್ರು. ಹೇಳುತ್ತಲೇ ದಾಸನ ಕಿವಿ ಸವರಿದರು. ದಾಸನ ಮೇಲೆ ಅವರಿಗೆ ಅಷ್ಟು ಪ್ರೀತಿ.

ನಾನು ಉಪದೇಶ ಶುರುಮಾಡಿದೆ. ವಾರಕ್ಕೊಂದು ಹಸಿ ಎಲುಬು ಕೊಡಿ, ಕಡಿದು ಕಡಿದು ಹಲ್ಲಿನ ಪಾಚಿ ಹೋಗುತ್ತದೆ. ಬೇಯಿಸಿದ್ದು ಮಾತ್ರ ಬೇಡವೇ ಬೇಡ, ಅದು ಸಿಬಿರು ಸಿಬಿರಾಗಿ ಒಡೆದು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ನಾಯಿಯ ಬಾಯಿಗಿಂತ ದೊಡ್ಡ ಎಲುಬಿರಲಿ. ಹಸಿಯದೂ ಅಮೃತವಲ್ಲ, ಅದರಲ್ಲಿ ರೋಗಾಣು ಇರಬಹುದು, ಕೈ ತೊಳೆದುಕೊಳ್ಳಿ. ಹತ್ತು ನಿಮಿಷ ಎದುರಿಗೇ ಕೂತು ನೋಡಿ, ಆಮೇಲೆ ತೆಗೆದುಬಿಡಿ.

ಮಾಷ್ಟ್ರು ಶಲ್ಯದಿಂದ ಹಣೆ ಒರೆಸಿಕೊಂಡರು. "ಎಲುಬಾ? ನಮ್ಮನಿಗಾ? ಅವ್ಳಿಗ್ ಗೊತ್ತಾರೆ ನಾಯಿಕ್ಕಿಂತ ಮುಂಚೆ ನಾನ್ ಹೊರ್ಗೆ!"

"ನೀವು ತಿನ್ನುವುದಲ್ಲವಲ್ಲ ಮಾಷ್ಟ್ರೆ" ಎಂದೆ.

"ನಾನ್ ತಿಂದಿರೆ ಒಂದ್ ವೇಳೆ ಕ್ಷಮ್ಸುಗು. ಅವ್ಳ ಬಸಳೆ ಚಪ್ಪರದ ಹತ್ರ ಎಲುಬ್ ಬಂದ್ರೆ ಕ್ಷಮ್ಸುದಿಲ್ಲೆ."

೨. ಮೀನಕ್ಕನ ಮರ್ಯಾದೆ

ಎಲುಬು ತರುವುದು ಯಾರು? ಮಾಷ್ಟ್ರು ಮಾಂಸದಂಗಡಿ ಎದುರು ನಿಂತರೆ ಕುಂಭಾಶಿಯವರೆಗೂ ಸುದ್ದಿ. ಕೊನೆಗೆ ಪಕ್ಕದ ಮನೆಯ ಮೀನಕ್ಕ ಒಪ್ಪಿದಳು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು, ದೊಡ್ಡ ಮನಸ್ಸಿನವಳು. ಭಾನುವಾರ ಭಾನುವಾರ ಕುರಿಯ ಕಾಲೆಲುಬೊಂದು ಹಿತ್ತಲಿನ ಗೋಡೆ ಮೇಲಿಂದ ಬರುವುದೆಂದು ಗುಟ್ಟಾಗಿ ತೀರ್ಮಾನವಾಯಿತು.

ಮೊದಲ ಆಯ್ತಾರವೇ ಮಾಷ್ಟ್ರ ಫೋನು. ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಓಡಿದೆ. ಹೋಗಿ ನೋಡಿದರೆ ದಾಸನ ಬಾಯಿಯ ಅಂಗಳಕ್ಕೆ ಅಡ್ಡವಾಗಿ ಎಲುಬಿನ ಸಿಬಿರು ಸಿಕ್ಕಿಕೊಂಡಿದೆ, ಜೊಲ್ಲು ಸುರಿಯುತ್ತಿದೆ. ಇಕ್ಕಳ ಹಾಕಿ ಎಳೆದೆ. ಎಳೆದದ್ದೇ ತಡ, ಘಮಘಮ ಮಾಂಸದ ಸುಕ್ಕದ ಪರಿಮಳ!

"ಮಾರಾಯ್ತಿ, ಹಸಿಯದು ಅಂದಿದ್ದೆನಲ್ಲ?" ಎಂದು ಗೋಡೆಯಾಚೆ ನಿಂತಿದ್ದ ಮೀನಕ್ಕನನ್ನು ಕೇಳಿದೆ.

"ಎಂತ ಡಾಕ್ಟ್ರೆ ನೀವ್! ಮಾಷ್ಟ್ರ ಮನಿ ನಾಯಿ, ಜನ್ಮದಗೇ ಮೊದ್ಲ್ ತಿಂಬುದ್. ಹಸಿದ್ ಎಸ್ದ್ ಕೊಡುಕೆ ನಂಗೆ ಮರ್ಯಾದಿ ಇಲ್ಯಾ? ಮಸಾಲಿ ಅರ್ದ್, ಕುಕ್ಕರಗೆ ನಾಕ್ ವಿಷಲ್ ಹಾಕ್ಸಿದೆ."

ಅಷ್ಟರಲ್ಲಿ ಮಾಷ್ಟ್ರ ಹೆಂಡತಿ ಹಿತ್ತಲಿಗೆ ಬಂದರು. ಮೂಗರಳಿಸಿದರು. "ಎಂತ ವಾಸ್ನಿ ಅದ್?"

"ಡಾಕ್ಟ್ರ್ ತಂದ ಔಷಧಿ" ಎಂದರು ಮಾಷ್ಟ್ರು ಥಟ್ಟನೆ.

ಆ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಔಷಧಿಗೆ ಕೊತ್ತಂಬ್ರಿ ಹುರ್ದ್ ಹಾಕ್ತ್ರಾ?" ಎಂದು ಒಳಗೆ ಹೋದರು.

೩. ಬೆನ್ನು ತಿರುಗಿಸಿದ ಕಾವಲು

ಮುಂದಿನ ವಾರದಿಂದ ಎಲುಬು ಹಸಿಯಾಗಿಯೇ ಬಂತು. ಮಾಷ್ಟ್ರಿಗೆ ಅದನ್ನು ಕಣ್ಣಿಂದ ನೋಡುವುದೂ ಆಗದು. ಹಾಗೆಂದು ಡಾಕ್ಟರ ಮಾತು ಮೀರುವವರೂ ಅಲ್ಲ. ದಾಸನಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಕೈಗಡಿಯಾರ ನೋಡುತ್ತಾ ಹತ್ತು ನಿಮಿಷ ಕಳೆದು, ಆಮೇಲೆ ತಿರುಗುತ್ತಿದ್ದರು.

"ಪೂರ್ತಿ ಖಾಲಿ ಡಾಕ್ಟ್ರೆ! ಒಂದ್ ಚೂರೂ ಬಿಡುದಿಲ್ಲೆ" ಎಂದು ಪ್ರತಿ ವಾರ ವರದಿ ಒಪ್ಪಿಸಿದರು. ಕಾಲೆಲುಬನ್ನು ಹತ್ತು ನಿಮಿಷದಲ್ಲಿ ಮುಗಿಸುವ ನಾಯಿ ಲೋಕದಲ್ಲಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಯಾಕೆಂದರೆ ದೀಪಾವಳಿ ಹೊತ್ತಿಗೆ ದಾಸನ ಹಲ್ಲು ಬೆಳ್ಳಗೆ ಫಳಫಳ, ವಾಸನೆ ಮಾಯ. ದಾಸ ಮನೆಯಲ್ಲೇ ಉಳಿದ. ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ಬೈಂದೂರಿನಲ್ಲಿ ರೈತರ ಸಭೆಯೊಂದಕ್ಕೆ ಕರೆದರು. ಹಸುವಿನ ಬಗ್ಗೆ ಮಾತಾಡಲು ಹೋದವನು ಅರ್ಧ ಗಂಟೆ ದಾಸನ ಹಲ್ಲನ್ನೇ ಹೊಗಳಿದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಹ್ವಾಯ್ ಡಾಕ್ಟ್ರೆ, ನಮ್ ನಾಯಿ ಎಲುಬ್ ಕಂಡ್ರೆ ತಿಂತಿಲ್ಲೆ, ಮಣ್ಣಗೆ ಹುಗಿತ್ತ್. ಎಂತ ಮಾಡುದ್?"

"ನಿಮ್ಮ ನಾಯಿಗೆ ಶಿಸ್ತಿಲ್ಲ!" ಎಂದೆ. ಸಭೆ ಚಪ್ಪಾಳೆ ಹೊಡೆಯಿತು.

೪. ಬಸಳೆಯ ಬುಡ

ಮರುವರ್ಷ ಮಾಷ್ಟ್ರ ಮನೆಯಲ್ಲಿ ನನಗೆ ಊಟ. ಬಸಳೆ ಹುಳಿ. ನಾಚಿಕೆ ಬಿಟ್ಟು ಮೂರು ಸಲ ಬಡಿಸಿಕೊಂಡೆ. ಚಪ್ಪರ ನೋಡಿದರೆ ಎಲೆಗಳು ಅಂಗೈಗಿಂತ ದೊಡ್ಡವು. "ಗೊಬ್ರ ಎಂತದೂ ಹಾಕುದಿಲ್ಲೆ, ಎಲ್ಲ ಕೈಗುಣ" ಎಂದರು ಅಮ್ಮ. "ಬೇರ್ ಸಮೇತ ಒಂದ್ ಬಳ್ಳಿ ಕೊಡ್ತೆ, ನೆಟ್ಕಣಿ" ಎಂದು ಹಾರೆ ಹಾಕಿದರು.

ಟಣ್ ಎಂದಿತು. ಮಣ್ಣಿನೊಳಗಿಂದ ಎಲುಬು! ಪಕ್ಕದಲ್ಲಿ ಇನ್ನೊಂದು. ಅದರಡಿಗೆ ಇನ್ನೊಂದು. ಒಂದು ವರ್ಷದ ಆಯ್ತಾರಗಳೆಲ್ಲ ಅಲ್ಲೇ ಮಲಗಿದ್ದವು. ಮಾಷ್ಟ್ರು ಕಂಬ ಹಿಡಿದುಕೊಂಡರು. ದಾಸ ಮಾತ್ರ ಬಾಲ ಅಲ್ಲಾಡಿಸುತ್ತಾ ಬಂದು, ತನ್ನ ಆಸ್ತಿ ಸರಿಯಿದೆಯೇ ಎಂದು ಮೂಸಿ ನೋಡಿದ. ನಾನು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಒಂದೇ ಒಂದು ಹಲ್ಲಿನ ಗುರುತು ಇದ್ದರೆ ಕೇಳಿ! ಬೈಂದೂರಿನ ಚಪ್ಪಾಳೆ ಕಿವಿಯಲ್ಲಿ ಮೊಳಗಿತು.

"ಹಾಗಾದರೆ ಹಲ್ಲು ಬೆಳ್ಳಗಾದದ್ದು ಹೇಗೆ?" ನನ್ನ ದನಿ ನನಗೇ ಕೇಳಲಿಲ್ಲ.

"ನಿಮ್ ಔಷಧಿ ನಂಬ್ಕಂಡ್ ಕೂಕಂಡಿರೆ ದಾಸ ರಸ್ತಿಗ್ ಬೀಳ್ತಿದ್ದ" ಎಂದರು ಅಮ್ಮ. "ಭತ್ತದ ಉಮಿ ಸುಟ್ಟ್ ಮಸಿ ಮಾಡ್ಕಂಡ್ ದಿನಾ ಬೆಳಿಗ್ಗೆ ನಾನೇ ಅವ್ನ ಹಲ್ಲ್ ತಿಕ್ತಿದ್ದೆ."

ಮಾಷ್ಟ್ರು ಬಾಯಿ ಬಿಟ್ಟರು. "ಹೊರ್ಗೆ ಹಾಕ್ತೆ ಅಂದದ್ ನೀನೇ ಅಲ್ದಾ?"

"ಸಿಟ್ಟಂಗೆ ಹೇಳಿದೆ. ಹಾಕುಕೆ ಮನಸ್ ಬತ್ತಾ?" ಎಂದು ದಾಸನ ತಲೆ ಸವರಿದರು.

"ಎಲುಬಿನ ವಿಷ್ಯ?" ಎಂದು ಮಾಷ್ಟ್ರು ಮೆಲ್ಲಗೆ ಕೇಳಿದರು.

"ಕೊತ್ತಂಬ್ರಿ ವಾಸ್ನಿ ಬಂದ ದಿನವೇ ಗೊತ್ತಾಯ್ತ್. ದಾಸ ತಿಂತಿದ್ದ ಅಂದ್ಕಂಡ್ ಸುಮ್ನಿದ್ದೆ."

ಅಮ್ಮ ಒಮ್ಮೆ ಎಲುಬು ನೋಡಿದರು, ಒಮ್ಮೆ ಬಸಳೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಡಾಕ್ಟ್ರೆ, ಸತ್ಯ ಹೇಳಿ. ಎಲುಬ್ ಬಸಳಿಗೆ ಒಳ್ಳೇದಾ?"

"ಭಾರೀ ಒಳ್ಳೆಯದಮ್ಮ" ಎಂದೆ. ಆ ಮನೆಯಲ್ಲಿ ನಾನು ಹೇಳಿದ್ದರಲ್ಲಿ ನಿಜವಾದದ್ದು ಇದೊಂದೇ.

ಅಮ್ಮ ಕಾಲಿನಿಂದ ಮೆಲ್ಲಗೆ ಮಣ್ಣೆಳೆದು ಎಲುಬು ಮುಚ್ಚಿದರು. ಸೆರಗು ಸರಿಮಾಡಿಕೊಂಡು ಗೋಡೆಯ ಹತ್ತಿರ ಹೋಗಿ ಕೂಗಿದರು: "ಹ್ವಾಯ್ ಮೀನಕ್ಕಾ! ಬಪ್ಪು ಆಯ್ತಾರದಿಂದ ಎರಡೆರಡ್ ಕೊಡ್. ಬೇಯ್ಸುದ್ ಬ್ಯಾಡ ಮತ್ತೆ!"