ಕುರಿಗಳು ಒಪ್ಪದ ಬೆಳ್ಳಿ ಗುಡಾರ

ವರ್ಷಗಟ್ಟಲೆ ಪಾಠ ಹೇಳಿದವರಿಗೆ, ಯಾರೂ ಕೇಳದಿದ್ದರೂ ಉತ್ತರ ಕೊಡುವ ಚಟ ಅಂಟಿಕೊಳ್ಳುತ್ತದೆ. ಹಡಗಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗಂತೂ ಅದು ಮಿತಿಮೀರಿದೆ. ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಬರುವ ಇಟ್ಟಿಗಿಯ ಹನುಮಪ್ಪನಿಗೂ ಒಮ್ಮೆ, ಗುಡುಗುವಾಗ ಮರದ ಕೆಳಗೆ ನಿಲ್ಲಬಾರದೆಂದು ದೊಡ್ಡ ಪಾಠವನ್ನೇ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಮತ್ತ ಎಲ್ಲಿ ನಿಂದ್ರಬೇಕ್ರಿ ಮೇಡಂ? ಅಡವ್ಯಾಗ ಮನಿ ಎಲ್ಲೈತ್ರಿ? ನಮ್ಮ ತಮ್ಮ ಬೇವಿನ ಗಿಡದ ಬುಡಕ ನಿಂತಾಗ ಸಿಡ್ಲು ಬಿತ್ತು. ಜೀವ ಉಳದೈತಿ, ಒಂದು ಕಿವಿ ಹೋಗೈತಿ" ಎಂದ. ಆ ರಾತ್ರಿ ನಾನು ಪುಸ್ತಕ ತೆರೆದು ಕೂತೆ.

ಲೋಹದ ಎಳೆ ನೇಯ್ದ ಬಟ್ಟೆಯೊಳಗೆ ವಿದ್ಯುತ್ ಹರಿಯುತ್ತದೆ. ಅದರಿಂದಲೇ ನೆಲಹಾಸಿನ ಸಮೇತ ಗುಡಾರ ಹೊಲಿದರೆ ಸಿಡಿಲು ಹೊರಮೈಯಲ್ಲೇ ಜಾರಿ ಭೂಮಿ ಸೇರಬಹುದಲ್ಲ? ಮಾದರಿ ಬಟ್ಟೆಗಳನ್ನು ತರಿಸಿ ಮನೆಯಲ್ಲೇ ಮೀಟರ್ ಇಟ್ಟು ಪರೀಕ್ಷಿಸತೊಡಗಿದೆ. ವಿದ್ಯುತ್ ಹರಿದರೆ ಮೀಟರ್ ಕುಂಯ್ ಎನ್ನುತ್ತದೆ. ಹುರುಪಿನಲ್ಲಿ ಬೀರುವನ್ನೂ ಬಿಡಲಿಲ್ಲ. ಮದುವೆಯ ಸೀರೆಯ ಜರಿ ಕುಂಯ್ ಎಂದಿತು. ಅಪ್ಪಟ ಜರಿಯೆಂದು ಯಜಮಾನರು ಕಳೆದ ಹಬ್ಬಕ್ಕೆ ತಂದ ಸೀರೆಗೆ ಮಾತ್ರ ಮೀಟರ್ ಮೌನ ತಾಳಿತು. ಅವರು ಪೇಪರ್ ಮಡಚಿ ಮೆಲ್ಲಗೆ ಹೊರಗೆ ಹೋದರು.

ನಿಜವಾದ ಪರೀಕ್ಷೆಗೆ, ಸಿಡಿಲಿನಂಥ ಕಿಡಿ ಹಾರಿಸುವ ಯಂತ್ರವಿದ್ದ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಹೋದೆ. ಮೊದಲ ಪುಟ್ಟ ಗುಡಾರ ಹೊಲಿಗೆಯ ಜಾಗದಲ್ಲೇ ಸುಟ್ಟುಹೋಯಿತು. ನಾನು ಹತ್ತಿಯ ದಾರದಲ್ಲಿ ಹೊಲಿದಿದ್ದೆ. ಎರಡನೆಯದಕ್ಕೆ ಅಂಚುಗಳನ್ನು ಒಂದರ ಮೇಲೊಂದು ಮಡಚಿ ಲೋಹದ ದಾರ ಹಾಕಿದೆ. ಕಿಡಿ ಹೊರಮೈಯಲ್ಲೇ ಸರ್ರನೆ ಇಳಿದು ಹೋಯಿತು, ಒಳಗಿಟ್ಟ ಮಾಪಕದ ಮುಳ್ಳು ಅಲುಗಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ದೊಡ್ಡ ಗುಡಾರ ಹೊಲಿದು ಹೊಲಕ್ಕೆ ಒಯ್ದೆ. ಬಿಸಿಲಿಗೆ ಅದು ಥಳಥಳಿಸಿದ್ದೇ ತಡ, ಕುರಿಗಳೆಲ್ಲ ಮಾಗಳ ಊರಿನ ದಾರಿ ಹಿಡಿದವು. ಹನುಮಪ್ಪ ಅವುಗಳ ಹಿಂದೆ ಓಡಿದ. ಅವನ ಹೆಂಡತಿ ಗಂಗವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಸಿಡ್ಲು ಬರೋದು ಯಾವಾಗರ ಒಮ್ಮಿ ರೀ. ಕುರಿ ದಿನಾ ಇರ್ತಾವ" ಎಂದು ಹಳೆಯ ಕಂಬಳಿಯೊಂದನ್ನು ಗುಡಾರದ ಮೇಲೆ ಹೊದಿಸಿದಳು.

ಕಂಬಳಿ ಹೊದ್ದ ಪುಟ್ಟ ಗುಡಾರವೂ ಪ್ರಯೋಗಾಲಯದಲ್ಲಿ ಗೆದ್ದಿತು, ಕಂಬಳಿಗೆ ತೂತು ಬಿದ್ದದ್ದು ಬಿಟ್ಟರೆ. ದೊಡ್ಡದರ ಪರೀಕ್ಷೆ ಬಾಕಿಯಿದೆ. "ಅಲ್ಲೀತನಕ ಮೋಡ ಕಂಡ ಕೂಡ್ಲೆ ಸಾಲಿ ಕಟ್ಟಡಕ್ಕ ಹೋಗ್ತೀವ್ರಿ, ನಮ್ಮ ತಮ್ಮನನ್ನೂ ಕರ್ಕೊಂಡು" ಎಂದು ಹನುಮಪ್ಪ ಮಾತು ಕೊಟ್ಟಿದ್ದಾನೆ. ಕುರಿಗಳೀಗ ಗುಡಾರಕ್ಕೆ ಮೈಯುಜ್ಜಿಕೊಂಡು ಮಲಗುತ್ತವೆ. ನನ್ನನ್ನು ಕಂಡರೆ ಮಾತ್ರ ಎದ್ದು ಓಡುತ್ತವೆ.