ಜೋರು ಮಾತಾಡದ ಮುತ್ತಜ್ಜ

ವಾರ್ನಿಶ್ ಹಚ್ಚಿ ಜಗಲಿಯಲ್ಲಿ ಒಣಗಲು ಮಲಗಿಸಿದ್ದ ಹೊಸ ಬಾಗಿಲಿನ ಮೇಲೆ ಪಕ್ಕದ ಮನೆ ದರ್ಜಿಯ ಕೋಳಿ ಈ ತುದಿಯಿಂದ ಆ ತುದಿಗೆ ನಡೆದುಹೋಗಿತ್ತು. ಅವಸರದಲ್ಲೇನೂ ಹೋಗಿರಲಿಲ್ಲ. ನಡುವೆ ನಿಂತು ಕೆದಕಿಯೂ ಇತ್ತು.

ಬಡಗಿ ಮೊದಲು ಕೋಳಿಯನ್ನು ಬೈದ. ಆಮೇಲೆ ಕೋಳಿಯ ತಾಯಿಯನ್ನು, ದರ್ಜಿಯನ್ನು, ದರ್ಜಿಯ ತಂದೆಯನ್ನು. ಬೈಗುಳ ಬೀದಿ ದಾಟಿ ಕ್ಷೌರದಂಗಡಿ ಮುಟ್ಟಿತು. ಅಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದವನೊಬ್ಬ ಬೆಚ್ಚಿಬಿದ್ದು ಕತ್ತಿಗೆ ಕೆನ್ನೆ ಕೊಟ್ಟ. ಕೊನೆಗೆ, ಬಾಗಿಲು ಕಾಯದೆ ಒಳಗೆ ಅಡುಗೆ ಮಾಡುತ್ತಿದ್ದ ತಪ್ಪಿಗೆ, ಹೆಂಡತಿಯ ಸರದಿ ಬಂತು.

ಅವಳು ಬಟ್ಟೆ ತುಂಬಿದ ಟ್ರಂಕನ್ನು ಹೊಸ್ತಿಲಿಗೆ ತಂದಿಟ್ಟಳು.

“ಸಂಜೆ ಬಸ್ಸಿಗೆ ನಾನು ಅಣ್ಣನ ಮನೆಗೆ ಹೊರಟೆ.”

ಕೂಗಿ ಹೇಳಿದ್ದರೆ ಬಡಗಿಗೆ ಅಭ್ಯಾಸವಿತ್ತು. ತಣ್ಣಗೆ ಹೇಳಿದ್ದಕ್ಕೆ ಹೆದರಿಕೆಯಾಯಿತು.

“ಒಂದು ಕೋಳಿಗೋಸ್ಕರನಾ?”

“ಕೋಳಿ ಇವತ್ತಿಂದು. ನಿನ್ನೆ ಸುತ್ತಿಗೆ, ಮೊನ್ನೆ ಮಳೆ. ಮಳೆ ಬಂದಿದ್ದಕ್ಕೂ ನಾನೇ ಕಾರಣ ಅಂದ್ರಲ್ಲ! ನಿಮ್ಮ ಮುತ್ತಜ್ಜ ಇದೇ ಮನೇಲಿ ಬಾಳಿದೋರು. ಒಂದು ಜೋರು ಮಾತು ಆಡಿದ್ದು ಕೇಳಿಲ್ಲ ಅಂತ ಅತ್ತೆ ಹೇಳ್ತಾನೇ ಇದ್ರು. ಹೋಗಿ ಅವರ ಸಮಾಧಿ ಹತ್ರ ಕೂತು ಕಲ್ತ್ಕೊಳ್ಳಿ. ಸಂಜೆವರೆಗೆ ಬಾಯಿ ಬಿಗಿ ಹಿಡಿದ್ರೆ ನಾನು ಹೋಗಲ್ಲ.”

ಹೆಂಡತಿಯಿಲ್ಲದ ಮನೆಯನ್ನು ಬಡಗಿ ಒಮ್ಮೆ ಊಹಿಸಿಕೊಂಡ. ಹಿಡಿಯಿಲ್ಲದ ಉಳಿಯಂತೆ ಕಂಡಿತು. ಕುಡುಗೋಲು ಹಿಡಿದು ಸ್ಮಶಾನದ ದಾರಿ ಹಿಡಿದ. ಪರೀಕ್ಷೆ ನೋಡಲು ಹೆಂಡತಿ ಹಿಂದೆ ಬಂದಳು. ಯಾರೂ ಕರೆಯದಿದ್ದರೂ ದರ್ಜಿಯೂ ಕ್ಷೌರಿಕನೂ ಅವಳ ಹಿಂದೆ ಬಂದರು.

ಅಲ್ಲಿನ ಹಳೆಯ ಕಲ್ಲುಗಳ ಮೇಲೆ ಅಕ್ಷರ ಉಳಿದಿರಲಿಲ್ಲ. ಮುಳ್ಳು ಮಾತ್ರ ಸೊಂಪಾಗಿ ಬೆಳೆದಿತ್ತು.

“ಇದೇ ನೋಡಯ್ಯ,” ಎಂದ ಕ್ಷೌರಿಕ. “ನಿಮ್ಮ ಮುತ್ತಜ್ಜನಿಗೆ ಗಡ್ಡ ತೆಗೀತಿದ್ದಿದ್ದೇ ನಮ್ಮಜ್ಜ. ನನಗೆ ಗೊತ್ತಿರಲ್ವಾ?”

ಬಡಗಿ ಮುಳ್ಳು ಕಡಿದ, ಪಾಚಿ ಕೆರೆದ, ಬೆವರೊರೆಸಿಕೊಂಡು ಕಲ್ಲಿನ ಮುಂದೆ ಕೂತ.

“ಅದಲ್ಲ,” ಎಂದ ದರ್ಜಿ, ಅಷ್ಟು ಹೊತ್ತೂ ಸುಮ್ಮನೆ ನೋಡುತ್ತಿದ್ದವನು. “ನಿಮ್ಮೋರು ಆ ಮೂಲೇಲಿ.”

“ಮೊದಲೇ ಹೇಳೋಕೆ ಏನು...” ಎಂದು ಶುರುಮಾಡಿದ ಬಡಗಿ ಹೆಂಡತಿಯತ್ತ ನೋಡಿ, “...ಏನೂ ತೊಂದರೆ ಇಲ್ಲಣ್ಣ” ಎಂದು ಮುಗಿಸಿದ.

ಮೂಲೆಯ ಕಲ್ಲಿನಡಿ ಕೆಂಪಿರುವೆಗಳಿದ್ದವು. ಅವು ಬಡಗಿಯ ಬಟ್ಟೆಯೊಳಗೆ ನುಗ್ಗಿ ಎಲ್ಲೆಲ್ಲಿ ಕಚ್ಚಬಾರದೋ ಅಲ್ಲೆಲ್ಲ ಕಚ್ಚಿದವು. ಗಂಟಲಿಗೆ ಬಂದ ಬೈಗುಳವನ್ನು ಅವನು ಬೇಯದ ಗೆಣಸಿನಂತೆ ನುಂಗಿಕೊಂಡು, ಕುಣಿಯುತ್ತಲೇ, “ಪಾಪ, ಅವೂ ಬದುಕಬೇಕಲ್ಲ,” ಎಂದ.

“ಆ ಮೂಲೆಯೂ ಅಲ್ಲ ಕಣಯ್ಯ!” ಎಂದ ಕ್ಷೌರಿಕ.

“ನಿನಗೆ ಕನ್ನಡಿ ಬಿಟ್ರೆ ಬೇರೇನು ಕಾಣುತ್ತೆ?” ಎಂದ ದರ್ಜಿ ಒಂದು ಕಲ್ಲಿನ ಮೇಲೆ ಆರಾಮಾಗಿ ಕೂತು, ಬಡಗಿಯತ್ತ ತಿರುಗಿದ. “ಅಂದ ಹಾಗೆ, ಕೋಳಿ ಹೆಜ್ಜೆ ಬಿದ್ದ ಮೇಲೆ ನಿನ್ನ ಬಾಗಿಲಿಗೆ ಒಂದು ಕಳೆ ಬಂದಿದೆ ಬಿಡು.”

ಬಡಗಿಯ ಕಿವಿ ಕೆಂಡವಾಯಿತು. ಹಲ್ಲು ಕಡಿದ ಸದ್ದು ಎಲ್ಲರಿಗೂ ಕೇಳಿಸಿತು.

“ಹೌದಣ್ಣ,” ಎಂದ. “ಚೆನ್ನಾಗೇ ಇದೆ.”

ಹೆಂಡತಿಯ ಮುಖ ಸಡಿಲಾಯಿತು. ಬಹಳ ಕಾಲದ ಮೇಲೆ ಅವನತ್ತ ನೋಡಿ ನಕ್ಕಳು. ಸಮಾಧಿ ಯಾವುದೆಂಬ ಜಗಳ ಹೀಗೆ ಮುಗಿಯದೆಂದು ತಾನೇ ಹೋಗಿ ಅವನ ಸೋದರತ್ತೆಯನ್ನು ಕೈಹಿಡಿದು ನಡೆಸಿಕೊಂಡು ಬಂದಳು. ಮುತ್ತಜ್ಜನ ತೊಡೆಯ ಮೇಲೆ ಆಡಿ ಬೆಳೆದ ಮೊಮ್ಮಗಳು ಆಕೆ. ಅವನನ್ನು ಕಂಡವರಲ್ಲಿ ಉಳಿದವಳು ಆಕೆಯೊಬ್ಬಳೇ.

ಮುದುಕಿ ಕೋಲಿನಿಂದ ದರ್ಜಿಯ ಮೊಣಕಾಲಿಗೆ ತಟ್ಟಿದಳು. “ಏಳಯ್ಯಾ ಮೇಲೆ. ನಮ್ಮಜ್ಜನ ಎದೆ ಮೇಲೆ ಕೂತಿದ್ದೀಯ.”

ಬಡಗಿ ಕಲ್ಲಿನ ಮುಂದೆ ಮಂಡಿಯೂರಿದ. “ಮುತ್ತಜ್ಜ, ನಿನ್ನ ತಾಳ್ಮೇಲಿ ನನಗೊಂದು ಚೂರು ಕೊಡು.”

“ತಾಳ್ಮೆನಾ? ಇವನಿಗಾ?” ಸೋದರತ್ತೆ ಬೊಚ್ಚುಬಾಯಿ ತೆರೆದು ನಕ್ಕಳು. “ಲೋ, ಇವನು ಬಾಯಿ ತೆಗೆದ್ರೆ ಬೇಲಿ ಆಚೆ ಎಮ್ಮೆ ಹಾಲು ಇಳಿಸ್ತಿರಲಿಲ್ಲ!”

“ಜೋರು ಮಾತೇ ಆಡ್ತಿರಲಿಲ್ಲ ಅಂತ ಅತ್ತೆ ಅಂದಿದ್ರಲ್ಲ?” ಎಂದಳು ಹೆಂಡತಿ.

“ನಿಮ್ಮತ್ತೆ ಸೊಸೆಯಾಗಿ ಬಂದಿದ್ದು ಆಮೇಲೆ. ಅಷ್ಟರಲ್ಲಿ ನಮ್ಮಜ್ಜಿ ಇವನ ಬಾಯಿ ತಾಳಲಾರದೆ ತವರಿಗೆ ಹೋಗಿ ಕೂತಿದ್ಲು. ಇನ್ನು ಬೈಯೋದು ಯಾರಿಗೆ? ಗೋಡೆ ನೋಡ್ತಾ ನೋಡ್ತಾ ನಾಲಿಗೆ ತಾನಾಗೇ ತಣ್ಣಗಾಯ್ತು. ಅಜ್ಜಿ ಹೋಗಿದ್ದೇ ಅವನಿಗೆ ಮದ್ದಾಯ್ತು, ಪುಣ್ಯಾತಗಿತ್ತಿ!”

ಬಡಗಿ ಹೆಂಡತಿಯ ಮುಖ ನೋಡಿದ. ಅವಳು ಯೋಚಿಸುತ್ತಿದ್ದಳು.

“ನಾನು ಬಾಯಿ ಬಿಟ್ಟಿಲ್ವಲ್ಲೇ!” ಎಂದು ಗೋಗರೆದ. “ಇರುವೆ ಕಚ್ಚಿದ್ರೂ ಬಿಟ್ಟಿಲ್ಲ!”

“ನೋಡ್ದೆ. ಹೋಗ್ತೀನಿ ಅಂದಿದ್ದಕ್ಕೇ ಇಷ್ಟು ಗುಣ ಕಂಡಿದೆ,” ಎಂದಳು ಅವಳು, ಅಕ್ಕರೆಯಿಂದಲೇ. “ನಿಜವಾಗ್ಲೂ ಹೋದ್ರೆ ಪೂರ್ತಿ ವಾಸಿಯಾಗುತ್ತೆ.”

ಸಂಜೆ ಬಸ್ಸಿಗೆ ಟ್ರಂಕು ಏರಿಸಿಕೊಟ್ಟವನು ದರ್ಜಿ. “ನಿನ್ನ ಒಳ್ಳೇದಕ್ಕೇ ಹೋದ್ಲು ಕಣಯ್ಯ,” ಎಂದು ಸಮಾಧಾನ ಹೇಳಿದವನು ಕ್ಷೌರಿಕ.

ಬೆಳಿಗ್ಗೆ ಬಡಗಿ ಎದೆ ತುಂಬ ಉಸಿರೆಳೆದುಕೊಂಡು ಜಗಲಿಗೆ ಬಂದ. ದರ್ಜಿ ಕೋಳಿಸಮೇತ ಒಳಗೆ ಸೇರಿ ಚಿಲಕ ಹಾಕಿಕೊಂಡಿದ್ದ. ಕ್ಷೌರದಂಗಡಿಯ ಷಟರ್ ದಡದಡನೆ ಇಳಿಯಿತು. ಉಸಿರನ್ನು ಹಾಗೇ ಹಿಡಿದುಕೊಂಡು ಅವನು ಸ್ಮಶಾನದವರೆಗೆ ಓಡಿದ.

“ತಣ್ಣಗಾದನಂತೆ! ಯಾರು ಕೇಳಿದ್ರು ನಿನ್ನ ತಣ್ಣಗಾಗು ಅಂತ? ಸಾಯೋವರೆಗೂ ಕಿರುಚ್ಕೊಂಡೇ ಇದ್ದಿದ್ರೆ ಏನಾಗ್ತಿತ್ತೋ, ಮುದಿಯಾ!”

ಬಿಸಿಲೇರುವ ತನಕ ಬೈದ. ಈಗ ದಿನಾ ಹೋಗುತ್ತಾನೆ. ಬಂಧುಬಳಗದಲ್ಲಿ ಎದ್ದು ಹೋಗಲಾರದವನು ಮುತ್ತಜ್ಜನೊಬ್ಬನೇ.